ಒಂಬತ್ತು ನಿಮಿಷದ ಹಲಗಿ

ಇಜೇರಿಯಲ್ಲಿ ಒಂದು ಮದುವೆಗೆ ಮೈಕ್ ಹಚ್ಚುವ ಮಾತು ಮುಗಿಸಿ ವಾಪಸ್ ಹೋಗುವ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಮಟಮಟ ಮಧ್ಯಾಹ್ನ. ಎದುರಿನಿಂದ ಬೇರೆ ಯಾವುದೋ ಮದುವೆಯ ಮೆರವಣಿಗೆ ಬಂತು. ಟ್ರ್ಯಾಕ್ಟರಿನ ಟ್ರ್ಯಾಲಿಯಲ್ಲಿ ಎರಡು ದೊಡ್ಡ ಸ್ಪೀಕರ್ ಬಾಕ್ಸು ಕಟ್ಟಿದ್ದರು, ಮುಂದೆ ಹತ್ತಿಪ್ಪತ್ತು ಹುಡುಗರು ಟವೆಲ್ ಬೀಸುತ್ತ ಕುಣಿಯುತ್ತಿದ್ದರು. ಟ್ರ್ಯಾಕ್ಟರು ಹತ್ತಿರ ಬಂದಂತೆ ಕಿವಿಗೊಟ್ಟು ಕೇಳಿದೆ. ಆ ಬಾಕ್ಸಿನಿಂದ ಬರುತ್ತಿದ್ದದ್ದು ನನ್ನ ಬೀಟು. ನಾಲ್ಕು ತಿಂಗಳು ನನ್ನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಾಡಿದ್ದು. ಇನ್ನೂ ಒಂದು ಕಡೆಯೂ ಬಾರಿಸಿರಲಿಲ್ಲ.

ತೊಂಬತ್ತರ ದಶಕದ ಆರಂಭದ ಮಾತು ಇದು. ಡಿಜೆ ಎಂಬ ಶಬ್ದ ನಮ್ಮ ಕಡೆ ಇನ್ನೂ ಬಂದಿರಲಿಲ್ಲ. ಅಫಜಲಪುರದಲ್ಲಿ ನನ್ನನ್ನು ಮಿಕ್ಸಿಂಗ್‌ನವ ಎನ್ನುತ್ತಿದ್ದರು. ಮೈಕ್ ಸೆಟ್ಟು ಬಾಡಿಗೆಗೆ ಕೊಡುವುದು, ಗಿರಾಕಿಗಳು ತಂದುಕೊಟ್ಟ ಕ್ಯಾಸೆಟ್ಟಿಗೆ ಅವರು ಚೀಟಿಯಲ್ಲಿ ಬರೆದ ಹಾಡು ತುಂಬಿಕೊಡುವುದು, ಎರಡು ಟೇಪ್ ಡೆಕ್ ಇಟ್ಟುಕೊಂಡು ಒಂದು ಹಾಡಿನ ಬಾಲಕ್ಕೆ ಇನ್ನೊಂದರ ತಲೆ ಜೋಡಿಸಿ ಕುಣಿಯುವವರ ಕಾಲು ನಿಲ್ಲದಂತೆ ನೋಡಿಕೊಳ್ಳುವುದು, ಇದು ನನ್ನ ದಂಧೆ. ಸೊಲ್ಲಾಪುರದಲ್ಲಿ ಒಂದು ಆರ್ಕೆಸ್ಟ್ರಾ ಒಡೆದುಹೋದಾಗ ಅವರ ರಿದಮ್ ಮಶೀನು ತಂದಿದ್ದೆ. ಹದಿನಾರು ಗುಂಡಿ, ಪ್ರತಿ ಗುಂಡಿಯ ಮೇಲೆ ಒಂದು ಕೆಂಪು ದೀಪ. ಎಲ್ಲಿ ಒತ್ತಿದರೆ ಅಲ್ಲಿ ಧಮ್ ಎನ್ನುತ್ತದೆ, ಚಟ್ ಎನ್ನುತ್ತದೆ. ಅದನ್ನು ತಂದ ದಿನದಿಂದ ಬೇರೆಯವರ ಹಾಡು ಜೋಡಿಸುವ ಕೆಲಸ ಸಪ್ಪಗೆ ಕಾಣತೊಡಗಿತು. ಹಾಡೇ ಇಲ್ಲದ, ಬರೀ ಕುಣಿತಕ್ಕೆಂದೇ ಹುಟ್ಟಿದ ಒಂದು ಬೀಟು ನನ್ನ ಕೈಯಿಂದ ಆಗಬೇಕು ಎಂಬ ಹುಚ್ಚು ಹತ್ತಿತು. ಆಳಂದದ ಒಂದು ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ಡ್ಯಾನ್ಸ್ ಸ್ಪರ್ಧೆ ಇತ್ತು. ಅದಕ್ಕೆ ಯಾರ ಸೆಟ್ಟು ಆಯ್ಕೆಯಾಯಿತೋ ಅವರನ್ನೇ ವರ್ಷವಿಡೀ ಅಫಜಲಪುರ, ಆಳಂದ, ಜೇವರ್ಗಿ ಮೂರೂ ತಾಲೂಕಿನ ಕಾಲೇಜುಗಳು ಕರೆಯುತ್ತಿದ್ದವು. ಯಾರೂ ಕೇಳದ್ದನ್ನು ಕೇಳಿಸುತ್ತೇನೆಂದು ಅಲ್ಲಿ ಹೇಳಿ ಬಂದಿದ್ದೆ.

ನಾನು ಮೊದಲೇ ಸಂಶಯದ ಮನುಷ್ಯ. ಬೀಗ ಹಾಕಿ ಹತ್ತು ಹೆಜ್ಜೆ ಹೋದ ಮೇಲೆ ತಿರುಗಿ ಬಂದು ಜಗ್ಗಿ ನೋಡುವವನು. ಗಿರಾಕಿ ತಂದ ಹಳೆಯ ಕ್ಯಾಸೆಟ್ಟನ್ನು ಮೊದಲು ಬಿ ಸೈಡಿನಲ್ಲಿ ಪರೀಕ್ಷೆ ಮಾಡದೆ, ಟೇಪು ಎಲ್ಲೂ ಮುದುಡಿಲ್ಲ ಎಂದು ಖಾತ್ರಿಯಾಗದೆ, ಒಂದು ಹಾಡನ್ನೂ ತುಂಬಿದವನಲ್ಲ. ಅಂಥವನ ಮಾಲು ಟ್ರ್ಯಾಕ್ಟರ್ ಹತ್ತಿ ಬೀದಿಯಲ್ಲಿ ಬರುತ್ತಿದೆ ಎಂದರೆ! ಓಡಿಹೋಗಿ ಟ್ರ್ಯಾಲಿ ಹಿಡಿದು ಕೇಳಿದೆ. ಜೇವರ್ಗಿಯ ಸೌಂಡಿನವನ ಸೆಟ್ಟು ಅದು. ಮೇಲೆ ಕೂತವನು ಅವನ ಆಳು. ‘ಮಾಲಕರ ಕೊಟ್ಟಾರ್ರಿ, ನಾ ಹಚ್ಚೀನಿ’ ಎಂದನೇ ಹೊರತು ಅವನಿಗೆ ಬೇರೇನೂ ಗೊತ್ತಿರಲಿಲ್ಲ. ಅಷ್ಟರಲ್ಲಿ ನನ್ನ ಬಸ್ಸು ಬಂತು. ಅಫಜಲಪುರ ಮುಟ್ಟುವವರೆಗೂ ತಲೆಯಲ್ಲಿ ಒಂದೇ ಪ್ರಶ್ನೆ: ಯಾರು?

ಆ ಬೀಟು ನನ್ನ ಬಿಟ್ಟು ಇಬ್ಬರಿಗೇ ಗೊತ್ತಿತ್ತು. ಒಬ್ಬರು ಕೀಬೋರ್ಡ್ ನುಡಿಸಿದ ಮಾಸ್ತರು. ಶಾಲೆಯಲ್ಲಿ ಸಂಗೀತ ಹೇಳಿಕೊಡುವವರು, ನಮ್ಮ ಓಣಿಯವರೇ. ಇನ್ನೊಬ್ಬ ತಮಟೆಯಂಥ ಹಲಗಿ ಬಾರಿಸುವ ಹಲಗಿಯವನು.

ಹಲಗಿಯವನಿಗೆ ನಲವತ್ತರ ಮೇಲೆ ವಯಸ್ಸು. ನನಗಿಂತ ಹತ್ತು ವರ್ಷ ದೊಡ್ಡವನು. ಆದರೂ ಅವನು ನನಗೆ ಮಾಲಕರ ಎನ್ನುತ್ತಿದ್ದ, ನಾನು ಅವನಿಗೆ ಲೇ ಎನ್ನುತ್ತಿದ್ದೆ. ಅದು ಹಾಗೇ ನಡೆದುಕೊಂಡು ಬಂದಿತ್ತು, ಯಾಕೆಂದು ನಾನೂ ಕೇಳಿಕೊಂಡಿರಲಿಲ್ಲ. ಅವನ ಕೇರಿ ಊರ ತುದಿಗೆ. ಪಕ್ಕದ ಹಿಟ್ಟಿನ ಗಿರಣಿ ನಡೆಯುತ್ತಿದ್ದರೆ ನನ್ನ ಕೋಣೆಯಲ್ಲಿ ವೋಲ್ಟೇಜ್ ಬಿದ್ದು ಡೆಕ್ಕಿನ ಮೋಟಾರು ಅಳತೊಡಗುತ್ತದೆ. ಆದ್ದರಿಂದ ಗಿರಣಿಯವನು ಊಟಕ್ಕೆ ಬಂದ್ ಮಾಡುವ ಒಂದರಿಂದ ಮೂರು ಗಂಟೆಯೇ ನಮ್ಮ ರೆಕಾರ್ಡಿಂಗಿನ ಹೊತ್ತು. ಅವನು ಬರೋಬ್ಬರಿ ಒಂದಕ್ಕೆ ಬರುತ್ತಿದ್ದ. ಅಂಗಳದಲ್ಲಿ ಹಳೆಯ ಪೇಪರು ಸುಟ್ಟು ಹಲಗಿ ಕಾಸಿ, ಬೆರಳಿನಿಂದ ಟಣ್ ಎನಿಸಿ, ಒಳಗೆ ಓಡಿ ಬರುತ್ತಿದ್ದ. ಚರ್ಮ ಸಡಿಲಾಗುವುದರೊಳಗೆ ಎರಡು ನಿಮಿಷ, ಹೆಚ್ಚೆಂದರೆ ಮೂರು ನಿಮಿಷ ಬಾರಿಸಬಹುದು. ಮತ್ತೆ ಅಂಗಳ, ಮತ್ತೆ ಬೆಂಕಿ. ಒಂದು ಮೈಕು ಹಲಗಿಯ ಮುಂದೆ, ಇನ್ನೊಂದನ್ನು ಜೋಳ ತುಂಬುವ ಖಾಲಿ ತಗಡಿನ ಡಬ್ಬಿಯಲ್ಲಿ ಇಳಿಬಿಟ್ಟಿದ್ದೆ. ಆ ಡಬ್ಬಿಯ ಗುಂಯ್‌ಗುಡುವಿಕೆ ಯಾವ ದುಬಾರಿ ಎಕೋ ಮಶೀನಿನಿಂದಲೂ ಬರುವಂಥದ್ದಲ್ಲ.

ಮೊದಲ ತಿಂಗಳು ಪೂರ್ತಿ ಹಾಳಾಯಿತು. ಮಶೀನು ಒಂದೇ ವೇಗದಲ್ಲಿ ಹೊಡೆಯುತ್ತದೆ. ಇವನು ಬಾರಿಸುತ್ತ ಬಾರಿಸುತ್ತ ಜೋರಾಗುತ್ತಿದ್ದ. ಎರಡನೇ ನಿಮಿಷಕ್ಕೆ ಇಬ್ಬರ ಹೆಜ್ಜೆಯೂ ತಪ್ಪುತ್ತಿತ್ತು. ನಾನು ಬೈಯುತ್ತಿದ್ದೆ. ಒಂದು ದಿನ ಅವನು ಕೋಲು ಕೆಳಗಿಟ್ಟ.

‘ಆ ಮಶೀನಿಗಿ ಉಸರ ಇಲ್ರಿ ಮಾಲಕರ. ಕುಣ್ಯೋರ ಕಾಲ ಜೋರಾದಂಗ ಹಲಗೀನೂ ಜೋರಾಗ್ಬೇಕು. ಅದು ಒಂದ ನಮೂನಿ ಬಡಕೋತ ಕುಂದ್ರತದ. ಅದ್ರ ಬೆನ್ನ ಹತ್ತಿ ನಾ ಎಲ್ಲಿಗಿ ಹೋಗ್ಲಿ?’

ಎರಡು ದಿನ ಸಿಟ್ಟಿನಲ್ಲೇ ಕಳೆದೆ. ಆಮೇಲೆ ಹೊಳೆಯಿತು. ಅವನು ಮಶೀನಿನ ಬೆನ್ನು ಹತ್ತುವುದು ಬೇಡ, ಮಶೀನು ಅವನ ಬೆನ್ನು ಹತ್ತಲಿ. ವೇಗದ ಗುಂಡಿಯ ಮೇಲೆ ಬೆರಳಿಟ್ಟು, ಅವನ ಮುಂಗೈಯ ಮೇಲೆ ಕಣ್ಣಿಟ್ಟು, ಅವನು ಏರಿದಂತೆ ಕೂದಲೆಳೆಯಷ್ಟೇ ತಿರುಗಿಸುತ್ತ ಹೋದೆ. ಹೀಗೆ ಮೂರು ಮೂರು ನಿಮಿಷದ ತುಂಡು ಜೋಡಿಸಿ ಒಂಬತ್ತು ನಿಮಿಷವಾಯಿತು. ಅದನ್ನು ಒಂದು ಡೆಕ್ಕಿನಲ್ಲಿ ಓಡಿಸಿ, ಜೊತೆಗೆ ಮಾಸ್ತರು ಕೀಬೋರ್ಡ್ ನುಡಿಸಿದ್ದನ್ನು ಸೇರಿಸಿ ಇನ್ನೊಂದು ಡೆಕ್ಕಿಗೆ ಇಳಿಸಿದೆ. ಹೀಗೆ ಇಳಿಸಿದಷ್ಟೂ ಸುಯ್ ಎನ್ನುವ ಸದ್ದು ಹೆಚ್ಚುತ್ತದೆ. ಆದ್ದರಿಂದ ಎರಡಕ್ಕಿಂತ ಹೆಚ್ಚು ಸಲ ಇಳಿಸಬಾರದು ಎಂದು ನಿಯಮ ಮಾಡಿಕೊಂಡೆ. ಕೊನೆಗೆ ಪೂರ್ತಿ ಕೇಳಿದ ದಿನ ಮಾಸ್ತರು ನನ್ನ ಬೆನ್ನು ತಟ್ಟಿದರು. ಹಲಗಿಯವನು ಹೊಸ್ತಿಲಲ್ಲಿ ಕೂತು ಕೇಳಿ, ‘ನನ್ನ ಹಲಗಿ ಪ್ಯಾಂಟ್ ಹಾಕ್ಕೊಂಡದ ನೋಡ್ರಿ’ ಎಂದು ನಕ್ಕ. ಅಷ್ಟು ಖುಷಿಯಾಗಿ ಅವನು ನಕ್ಕದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಇಜೇರಿಯಿಂದ ಬಂದ ಮೇಲೆ ಆ ನಗುವೇ ನನಗೆ ಚುಚ್ಚತೊಡಗಿತು. ಅಷ್ಟು ಖುಷಿ ಯಾಕೆ ಅವನಿಗೆ? ಜೇವರ್ಗಿ ಕಡೆ ಅವನ ಬೀಗರಿದ್ದಾರಂತೆ. ಹೋದ ವಾರ ಎರಡು ದಿನ ಬಂದಿರಲಿಲ್ಲ, ಎಲ್ಲಿಗೆ ಹೋಗಿದ್ದ? ಇನ್ನೆಷ್ಟು ಇಂಥದ್ದು ಮಾಡ್ತೀರಿ ಎಂದು ಕೇಳಿದ್ದ, ಯಾಕೆ ಕೇಳಿದ? ಒಮ್ಮೆ ಸಂಶಯದ ಕನ್ನಡಕ ಹಾಕಿಕೊಂಡರೆ ಮನುಷ್ಯ ನೀರು ಕುಡಿದರೂ ಏನೋ ಅಡಗಿಸಿ ನುಂಗಿದಂತೆ ಕಾಣುತ್ತಾನೆ.

ಹಿಡಿಯುವ ಉಪಾಯ ಮಾಡಿದೆ. ಬೀಟಿನ ಇನ್ನೊಂದು ಪ್ರತಿ ತೆಗೆದೆ. ಅದರಲ್ಲಿ ನಾಲ್ಕನೇ ನಿಮಿಷದ ಹತ್ತಿರ ಒಂದು ಧಮ್ ಬೇಕೆಂದೇ ನುಂಗಿಸಿದೆ. ಕೇಳುವವರಿಗೆ ಗೊತ್ತಾಗದು, ನನಗೆ ಗೊತ್ತಾಗುತ್ತದೆ. ಆ ಪ್ರತಿಯನ್ನು ಹಲಗಿಯವನ ಕೈಗಿಟ್ಟು, ‘ಇಟ್ಕೊಳ್ಳಲೇ, ನಿಂದೂ ಅದ’ ಎಂದೆ. ಅವನು ಎರಡೂ ಕೈಯಿಂದ ತೆಗೆದುಕೊಂಡು ಅಂಗಿಯ ಒಳಕಿಸೆಯಲ್ಲಿಟ್ಟ. ಒಮ್ಮೆ ಮಾರಿದವನು ಈ ಚೊಕ್ಕ ಪ್ರತಿಯನ್ನೂ ಮಾರದೆ ಇರಲಾರ ಎಂಬುದು ನನ್ನ ಲೆಕ್ಕ. ಇನ್ನು ಆ ನುಂಗಿದ ಧಮ್ ಎಲ್ಲಿ ಕೇಳಿಸಿದರೂ ಕಳ್ಳ ಸಿಕ್ಕಿದ ಹಾಗೆ.

ನನ್ನ ಹೆಂಡತಿಗೆ ಈ ಉಪಾಯ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

‘ಮಾಸ್ತರಿಗಿ ಯಾಕ ಕೊಡ್ಲಿಲ್ರಿ ಅಂಥಾದ್ದು?’

‘ಮಾಸ್ತರು ಹಂಗ ಮಾಡೋ ಮನಶ್ಯಾ ಅಲ್ಲಬೇ.’

‘ಇಂವಾ ಮಾಡೋ ಮನಶ್ಯಾ ಅಂತ ಯಾವಾಗ ಗೊತ್ತಾತು?’

ನಿನಗೆ ತಿಳಿಯುವುದಿಲ್ಲ ಬಿಡು ಎಂದು ಹೊರಗೆ ಬಂದೆ. ಉತ್ತರ ಇಲ್ಲದಾಗ ನಾನು ಹೇಳುವ ಮಾತು ಅದೊಂದೇ.

ಹದಿನೈದು ದಿನದ ಮೇಲೆ ಅಫಜಲಪುರದ ಸಂತೆಯ ದಿನ ಜೇವರ್ಗಿಯವನ ಸೆಟ್ಟು ನಮ್ಮೂರಿಗೇ ಒಂದು ಮೆರವಣಿಗೆಗೆ ಬಂತು. ಗುಂಪಿನ ಜೊತೆ ಬಸ್ ನಿಲ್ದಾಣದವರೆಗೂ ನಡೆದೆ, ಬೆರಳು ಮಡಚಿ ಧಮ್ ಎಣಿಸುತ್ತ. ಬಸ್ಸಿನ ಹಾರ್ನು, ಸಂತೆಯವರ ಕೂಗು, ಕುಣಿಯುವವರ ಸಿಳ್ಳೆ. ಅದರ ನಡುವೆ ಒಂದು ಕಡೆ ಧಮ್ ಒಂದು ಬಿಟ್ಟಂತಾಯಿತು. ಆಯಿತು, ಬಿಟ್ಟೇ ಬಿಟ್ಟಿತು! ಅದು ನಾಲ್ಕನೇ ನಿಮಿಷವೋ ಆರನೆಯದೋ ನೋಡಲಿಲ್ಲ. ಹತ್ತು ಸಲ ನಕಲಾದ ಟೇಪು ಎಲ್ಲಿ ಬೇಕಾದರೂ ಮುಗ್ಗರಿಸುತ್ತದೆ ಎಂದು ದಿನವೂ ಗಿರಾಕಿಗಳಿಗೆ ಹೇಳುವವನು ನಾನೇ. ಆ ದಿನ ನನಗೆ ಬೇಕಾದದ್ದು ಕೇಳಿಸಿತು, ಅಷ್ಟೇ ಸಾಕಾಯಿತು.

ಆದರೂ ಬಾಯಿ ಬಿಡಲಿಲ್ಲ. ಆಳಂದದಲ್ಲಿ ಟೇಪಿನ ಜೊತೆ ಎದುರಿಗೇ ಹಲಗಿ ಬಾರಿಸಬೇಕಿತ್ತು, ಅವನಿಲ್ಲದೆ ನನ್ನ ಕೆಲಸ ನಡೆಯುತ್ತಿರಲಿಲ್ಲ. ಹಾಗಾಗಿ ಸಿಟ್ಟು ನುಂಗಿಕೊಂಡು ಅವನ ಜೊತೆ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಆಳಂದಕ್ಕೆ ಹೋದೆ. ದಾರಿಯುದ್ದಕ್ಕೂ ಅವನು ಹಲಗಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಕಾಲೇಜಿನ ಹುಡುಗರು ಹೋದ ವಾರ ಬರೀ ಹಲಗಿಯ ಜೊತೆ ತಾಲೀಮಿಗೆ ಬಂದಾಗ ತನ್ನನ್ನು ಕಾಕಾ ಎಂದು ಕರೆದದ್ದನ್ನು ಎರಡೆರಡು ಸಲ ಹೇಳಿದ.

ಕಾರ್ಯಕ್ರಮ ಮಧ್ಯಾಹ್ನ ನಾಲ್ಕಕ್ಕೆ. ಅದಕ್ಕೂ ಮೊದಲು ಮೈದಾನದ ಪೆಂಡಾಲಿನಲ್ಲಿ ಎರಡು ಸೆಟ್ಟಿನ ಪರೀಕ್ಷೆ, ನನ್ನದು ಮತ್ತು ಜೇವರ್ಗಿಯವನದು. ಜವಾಬ್ದಾರಿ ಹೊತ್ತಿದ್ದ ಲೆಕ್ಚರರು ಇಬ್ಬರದನ್ನೂ ಕೇಳಿ ಒಂದನ್ನು ಆರಿಸುವವರಿದ್ದರು. ಜೇವರ್ಗಿಯವನು ಮೊದಲು ಹಚ್ಚಿದ. ಹಚ್ಚಿದ್ದೇ ನನ್ನ ಬೀಟು! ಹುಡುಗರು ಓ ಎಂದು ಕೂಗುತ್ತ ಕುಣಿಯಲು ನಿಂತರು.

ಆಮೇಲೆ ನನಗೆ ತಡೆಯಲಾಗಲಿಲ್ಲ. ಹಲಗಿಯವನು ಸ್ಟೇಜಿನ ಪಕ್ಕದಲ್ಲಿ ಪೇಪರು ಸುಟ್ಟು ಹಲಗಿ ಕಾಸುತ್ತಿದ್ದ. ಹೋಗಿ ಅವನ ಮುಂದೆ ನಿಂತೆ.

‘ಎಷ್ಟಕ್ಕ ಮಾರಿದಿಲೇ?’

ಅವನಿಗೆ ತಿಳಿಯಲಿಲ್ಲ. ‘ಏನ್ರಿ?’ ಎಂದ.

‘ಬೀಟ್. ನನ್ನ ಬೀಟ್ ಎಷ್ಟಕ್ಕ ಮಾರಿದಿ? ಕಳ್ಳನ ಮಗನ, ಮನ್ಯಾಗ ಕುಂದ್ರಿಸಿಕೊಂಡು ಚಾ ಕುಡಸೀನಿ ನಿನಗ!’

ಹುಡುಗರು ಸುತ್ತ ಕೂಡಿದರು. ತಾಲೀಮಿನಲ್ಲಿ ಕಾಕಾ ಎಂದವರೇ ಅವನನ್ನು ಬೇರೆ ಕಣ್ಣಿನಿಂದ ನೋಡತೊಡಗಿದರು. ಅವನು ಉರಿಯುತ್ತಿದ್ದ ಪೇಪರನ್ನು ಕಾಲಿನಿಂದ ಆರಿಸಿ ಎದ್ದು ನಿಂತ.

‘ನಾ ಮಾರೀನಿ ಅಂತ ಯಾರ ಹೇಳಿದ್ರು?’

‘ಟೇಪ್ ಹೇಳ್ತದಲೇ. ನಿನಗ ಕೊಟ್ಟ ಟೇಪಿನ್ಯಾಗ ಗುರ್ತ ಇಟ್ಟಿದ್ದೆ. ಅದ ಇವನ ಟೇಪಿನ್ಯಾಗ ಬಂದದ.’

ಅವನು ‘ಗುರ್ತ ಇಟ್ಟಿದ್ರೇನು’ ಎಂದಷ್ಟೇ ಹೇಳಿದ. ಬೀಟು ಕೊನೆಗೆ ಬಂದಿತ್ತು. ಜೇವರ್ಗಿಯವನು ಸದ್ದು ಇಳಿಸಲು ಕೈ ಹಾಕಿದ. ಹಲಗಿಯವನು ಅತ್ತ ತಿರುಗಿದ.

‘ಬಂದ್ ಮಾಡಬ್ಯಾಡ್ರಿ ಅಣ್ಣಾರ. ಟೇಪ್ ಹೇಳ್ತದಂತ. ಪೂರಾ ಹೇಳ್ಲಿ.’

‘ಮುಂದ ಏನಿಲ್ಲೋ. ಯಾರೋ ಏನೋ ಮಾತಾಡ್ಯಾರ’ ಎಂದ ಜೇವರ್ಗಿಯವನು. ಆದರೂ ಕೈ ತೆಗೆದ.

ಬೀಟು ನಿಂತಿತು. ಒಂದು ಕ್ಷಣ ಸುಯ್ ಎಂಬ ಸದ್ದು. ಆಮೇಲೆ ಎರಡು ದೊಡ್ಡ ಬಾಕ್ಸಿನಿಂದ, ಇಡೀ ಮೈದಾನಕ್ಕೆ ಕೇಳುವಂತೆ, ಒಂದು ಗಂಡಸಿನ ದನಿ ಬಂತು.

‘ಎಡಗಡೆ ಬರಾಕತ್ತದ. ಬಲಗಡೆ ಬರಾಕತ್ತದ. ಟೇಪ್ ಚಲೋ ಅದ.’

ನನ್ನ ದನಿ.

ಯಾರೂ ನಗಲಿಲ್ಲ ಮೊದಲು. ಆಮೇಲೆ ಒಬ್ಬ ಹುಡುಗ ನನ್ನನ್ನು ನೋಡಿ ಕಿಸಕ್ಕೆಂದ, ಎಲ್ಲರೂ ಶುರು ಮಾಡಿದರು. ಗಿರಾಕಿಗಳ ಕ್ಯಾಸೆಟ್ಟು ಪರೀಕ್ಷೆ ಮಾಡುವಾಗ ಬಿ ಸೈಡಿನಲ್ಲಿ ಏನಾದರೂ ಒಂದಿಷ್ಟು ತುಂಬಿ, ಕೊನೆಗೆ ಎಡ ಬಲ ಹೇಳಿ, ತಿರುಗಿ ಕೇಳಿ ನೋಡುವುದು ನನ್ನ ಪದ್ಧತಿ. ಆ ತಿಂಗಳುಗಳಲ್ಲಿ ಡೆಕ್ಕಿನಲ್ಲಿ ಸದಾ ಇರುತ್ತಿದ್ದದ್ದು ಈ ಬೀಟೇ. ಪರೀಕ್ಷೆಗೆ ಅರ್ಧ ನಿಮಿಷ ಸಾಕಿತ್ತು. ನನ್ನದೇ ಬೀಟು ಕೇಳುವ ಆಸೆಗೆ ಪ್ರತಿ ಸಲವೂ ಒಂಬತ್ತೂ ನಿಮಿಷ ಓಡಿಸುತ್ತಿದ್ದೆ. ಆಮೇಲೆ ಎ ಸೈಡಿಗೆ ಅವರ ಹಾಡು ತುಂಬಿ ಕೊಟ್ಟುಬಿಡುತ್ತಿದ್ದೆ. ಬಿ ಸೈಡು ಅಳಿಸಬೇಕೆಂಬುದು ಒಂದು ದಿನವೂ ನೆನಪಾಗಿರಲಿಲ್ಲ. ಜೇವರ್ಗಿಯವನಿಗೆ ಅದು ಸಿಕ್ಕಿದ್ದು ಕಡಗಂಚಿಯ ಒಬ್ಬ ಗಿರಾಕಿಯ ಮದುವೆ ಕ್ಯಾಸೆಟ್ಟಿನಲ್ಲಿ. ಅವನೇ ಅಲ್ಲಿ ಎಲ್ಲರೆದುರು ಹೇಳಿದ. ಬೀಗ ಜಗ್ಗಿ ನೋಡುವ ನಾನು ನನ್ನ ಮಾಲನ್ನು ನನ್ನ ಕೈಯಿಂದಲೇ ಮೂರು ತಾಲೂಕಿಗೆ ಹಂಚಿದ್ದೆ.

ಹಲಗಿಯವನು ನಗಲಿಲ್ಲ. ಮತ್ತೆ ಕೂತು ಪೇಪರಿಗೆ ಕಡ್ಡಿ ಗೀರಿದ. ನಾನು ಏನೋ ಹೇಳಲು ಹೋದೆ.

‘ಹುಡುಗ್ರಿಗಿ ಬಾರಸ್ತೀನಿ ಅಂತ ಮಾತ ಕೊಟ್ಟೀನ್ರಿ’ ಎಂದ. ನನ್ನತ್ತ ನೋಡಲಿಲ್ಲ.

ಲೆಕ್ಚರರು ಹಲಗಿ ಇದೆ ಎಂಬ ಒಂದೇ ಕಾರಣಕ್ಕೆ ನನ್ನ ಸೆಟ್ಟು ಇಟ್ಟುಕೊಂಡರು. ಅಂದು ಅವನು ಬಾರಿಸಿದಂತೆ ಯಾರೂ ಬಾರಿಸಿದ್ದನ್ನು ನಾನು ಕೇಳಿಲ್ಲ. ಟೇಪು ಬಂದ್ ಮಾಡಿ ಬರೀ ಮಶೀನು ಇಟ್ಟುಕೊಂಡೆ. ಗುಂಡಿಯ ಮೇಲೆ ಬೆರಳಿಟ್ಟು ಅವನ ಮುಂಗೈಯ ಬೆನ್ನು ಹತ್ತಿದೆ. ಅವನು ಏರಿದ, ಮತ್ತೂ ಏರಿದ, ಮಶೀನಿನ ವೇಗ ಮುಗಿದುಹೋದ ಮೇಲೂ ಏರಿದ. ಗುಂಡಿ ತುದಿಗೆ ಬಂದು ನಿಂತಿತು, ನಾನು ಹಿಂದೆ ಉಳಿದೆ. ಕುಣಿಯುವವರು ಯಾರೂ ನನ್ನ ಮಶೀನು ಕೇಳುತ್ತಿರಲಿಲ್ಲ. ಅಳು ಬಂತು ನನಗೆ, ವಾಯರು ನೋಡುವವನಂತೆ ಬಗ್ಗಿದೆ. ವಾಪಸ್ ಬರುವಾಗ ಅವನು ಬಸ್ಸಿನ ಕೊನೆಯ ಸೀಟಿನಲ್ಲಿ ಕೂತ.

ನಾಲ್ಕನೇ ದಿನ ಮಧ್ಯಾಹ್ನ ಒಂದಕ್ಕೆ ಬಂದ. ಕೈಯಲ್ಲಿ ಹಲಗಿ ಇರಲಿಲ್ಲ. ಹೊಸ್ತಿಲ ಹೊರಗೇ ನಿಂತ. ಕೂಡ್ರಿ ಎಂದೆ. ಕೂಡಲಿಲ್ಲ.

‘ನನ್ನ ಹಲಗಿ ಅದ್ರಾಗಿಂದ ತಗದ ಬಿಡ್ರಿ.’

‘ತಗಿಯಾಕ ಬರಂಗಿಲ್ಲ. ಒಮ್ಮೆ ಇಳಿಸಿದ ಮ್ಯಾಲ ಎಲ್ಲಾ ಒಂದಾಗಿರ್ತದ. ನಾದಿದ ಹಿಟ್ಟಿನ್ಯಾಗಿಂದ ನೀರು ಬ್ಯಾರೆ ಮಾಡಿದಂಗ.’

‘ಹಂಗಾರ ಪೂರಾ ಅಳಸ್ರಿ.’

ನಾಲ್ಕು ತಿಂಗಳ ಕೆಲಸ. ಆಳಂದದ ಮೇಲೆ ಎರಡು ಕಾಲೇಜಿನವರು ಆ ಬೀಟಿಗೆಂದೇ ಹೇಳಿ ಕಳಿಸಿದ್ದರು. ‘ಊರ ತುಂಬ ಗಿರಾಕಿಗಳ ಕ್ಯಾಸೆಟ್ಟಿನ್ಯಾಗ ಅದ ಅದು. ಇದೊಂದು ಅಳಿಸಿದ್ರ ಏನ್ ಬಂತು?’ ಎಂದೆ.

‘ಊರಾಗಿಂದು ಊರಾಗ ಇರ್ಲಿ. ಅವ್ರು ನನಗ ಕಳ್ಳ ಅಂದಿಲ್ಲ.’

ಹಾಗೆಂದು ಅಂಗಿಯ ಒಳಕಿಸೆಯಿಂದ ನಾನು ಕೊಟ್ಟ ಕ್ಯಾಸೆಟ್ಟು ತೆಗೆದು ಮೇಜಿನ ಮೇಲಿಟ್ಟ. ಡಬ್ಬಿಗೆ ನಾನು ಅಂಟಿಸಿದ್ದ ಪಟ್ಟಿ ಹಾಗೇ ಇತ್ತು, ಬಿಚ್ಚಿಯೇ ಇರಲಿಲ್ಲ. ‘ನಮ್ಮ ಮನ್ಯಾಗ ಟೇಪ್ ಎಲ್ಲದರಿ ಕೇಳಾಕ’ ಎಂದ. ನಾಲ್ಕು ತಿಂಗಳು ನನ್ನ ಕೋಣೆಗೆ ಬಂದವನ ಮನೆಯಲ್ಲಿ ಟೇಪ್ ರೆಕಾರ್ಡರ್ ಇದೆಯೋ ಇಲ್ಲವೋ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ನಾಚಿಕೆಯಿಂದ ಅವನ ಮುಖ ನೋಡಲಾಗಲಿಲ್ಲ.

ಅಸಲು ಟೇಪನ್ನು ಪೆಟ್ಟಿಗೆಯಿಂದ ತೆಗೆದು ಡೆಕ್ಕಿಗೆ ಹಾಕಿದೆ. ಮೈಕಿನ ವಾಯರು ಕಿತ್ತೆ. ಸದ್ದಿನ ಗುಂಡಿ ಸೊನ್ನೆಗೆ ತಂದು ರೆಕಾರ್ಡ್ ಒತ್ತಿದೆ. ಅಳಿಸುವುದಕ್ಕೂ ತುಂಬಿದಷ್ಟೇ ಹೊತ್ತು ಬೇಕು. ಇಬ್ಬರೂ ಚಕ್ರ ತಿರುಗುವುದನ್ನು ನೋಡಿದೆವು. ಮುಗಿದಾಗ ಬಂದ್ ಮಾಡಿ, ‘ಆತ್ರಿ’ ಎಂದೆ.

‘ಹಚ್ಚಿ ಕೇಳಸ್ರಿ.’

‘ಏನ್ ಕೇಳ್ತೀರಿ? ಏನೂ ಉಳದಿಲ್ಲ.’

‘ಹಚ್ರಿ.’

ಹಿಂದಕ್ಕೆ ಸುತ್ತಿ ಹಚ್ಚಿದೆ. ಈಗ ಅವನು ಒಳಗೆ ಬಂದು ಬಾಕ್ಸಿನ ಎದುರು ನೆಲದ ಮೇಲೆ ಕೂತ. ತಲೆ ತಗ್ಗಿಸಿ, ಒಂದು ಕಿವಿ ಬಾಕ್ಸಿನ ಕಡೆಗೆ ಮಾಡಿ, ಬರೀ ಸುಯ್ ಎಂಬುದನ್ನು ಒಂಬತ್ತು ನಿಮಿಷ ಕೇಳಿದ. ನಡುವೆ ಒಮ್ಮೆಯೂ ನನ್ನನ್ನು ನೋಡಲಿಲ್ಲ. ಟೇಪು ನಿಂತ ಮೇಲೆ, ಇನ್ನು ಏಳುತ್ತಾನೆ ಎಂದುಕೊಂಡೆ.

‘ಇನ್ನೊಂದು ಮಗ್ಗಲಾನೂ ಹಚ್ರಿ’ ಎಂದ.